ಮಟನ್ ಬಗ್ಗೆ ಹೆದರಿಸುವ ಸುದ್ದಿಯನ್ನು ಓದುವುದು ಹೇಗೆ?

ಮುಂಬೈಯಲ್ಲಿ ಕನ್ನಡದವರ ಯಾವ ವಾಟ್ಸಾಪ್ ಗುಂಪಿಗೆ ಸೇರಿದರೂ ಎರಡು ಬಗೆಯ ಸಂದೇಶ ತಪ್ಪದೆ ಬರುತ್ತವೆ. ಕೆಂಪು ಮಾಂಸ ಸಿಗರೇಟಿನಷ್ಟೇ ಕೆಟ್ಟದ್ದು, ಕ್ಯಾನ್ಸರ್ ಬರುತ್ತದೆ ಅನ್ನುವುದು ಒಂದು. ಅದೆಲ್ಲ ಸುಳ್ಳು ಅಂತ ವಿಜ್ಞಾನಿಗಳೇ ಹೇಳಿಬಿಟ್ಟಿದ್ದಾರೆ, ಎಷ್ಟು ಬೇಕಾದರೂ ತಿನ್ನಿ ಅನ್ನುವುದು ಇನ್ನೊಂದು. ಮೊದಲನೆಯದನ್ನು ಡೊಂಬಿವಲಿಯ ಯಾರೋ ದೊಡ್ಡಮ್ಮ ಕಳಿಸುತ್ತಾರೆ. ಎರಡನೆಯದನ್ನು ಠಾಣೆಯಲ್ಲಿ ಜಿಮ್‌ಗೆ ಹೋಗುವ ಹುಡುಗ ಕಳಿಸುತ್ತಾನೆ. ನಡುವೆ ಸಿಕ್ಕಿಕೊಂಡವರು ಮನೆಗೆ ಮಟನ್ ತರುವವರು.

ಈ ಸಂದೇಶಗಳ ಹಿಂದಿರುವ ಅಧ್ಯಯನಗಳ ಬಗ್ಗೆ ಸಂಶಯ ಪಡಲು ಗಟ್ಟಿ ಕಾರಣಗಳಿವೆ. ಅವನ್ನು ಕೆಳಗೆ ಬಿಡಿಸಿ ಹೇಳುತ್ತೇನೆ. ಆದರೆ ನಮಗೆ ಬೇಡವಾದ ಸುದ್ದಿಗೆ ಯಾವ ಜರಡಿ ಹಿಡಿಯುತ್ತೇವೋ, ನಮಗೆ ಖುಷಿ ಕೊಡುವ ಸುದ್ದಿಗೂ ಅದನ್ನೇ ಹಿಡಿಯಬೇಕು. ನಮ್ಮ ಮನೆಯಲ್ಲಿ ಭಾನುವಾರ ಮಟನ್ ಆಗುತ್ತದೆ. ನನಗೆ ಯಾವ ಸುದ್ದಿ ಖುಷಿ ಕೊಡುತ್ತದೆ ಅನ್ನುವುದು ಓದುವವರಿಗೂ ಗೊತ್ತಿರಲಿ.

ಮೊದಲು: ಯಾವ ಮಾಂಸ?

ಅಧ್ಯಯನಗಳಲ್ಲಿ ಕೆಂಪು ಮಾಂಸ ಅಂದರೆ ದನ, ಎಮ್ಮೆ, ಹಂದಿ, ಕುರಿ, ಆಡು. ಕೋಳಿ, ಮೀನು ಇದರಲ್ಲಿ ಬರುವುದಿಲ್ಲ. ದೊಡ್ಡ ಹೆಸರಿನ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನವು. ಅಲ್ಲಿ ಜನ ತಿಂದದ್ದು ಮುಖ್ಯವಾಗಿ ದನ ಮತ್ತು ಹಂದಿ. ಕುರ್ಲಾದಲ್ಲೋ ಸಾಂತಾಕ್ರೂಜ್‌ನಲ್ಲೋ ನಾವು ಮಟನ್ ಅಂತ ತರುವುದು ಬಹುಪಾಲು ಆಡಿನ ಮಾಂಸ. ಆಡನ್ನೇ ಬೇರೆ ಮಾಡಿ ನೋಡಿದ ದೊಡ್ಡ ಅಧ್ಯಯನ ಸಿಗುವುದು ಕಷ್ಟ.

ಇದಕ್ಕಿಂತ ಮುಖ್ಯವಾದ ಗೆರೆ ಇನ್ನೊಂದಿದೆ: ತಾಜಾ ಮಾಂಸವೋ, ಸಂಸ್ಕರಿಸಿದ ಮಾಂಸವೋ? ಉಪ್ಪು ಹಾಕಿ, ಹುದುಗಿಸಿ, ಹೊಗೆ ಹಾಕಿ ಅಥವಾ ರಾಸಾಯನಿಕ ಸೇರಿಸಿ ತುಂಬಾ ದಿನ ಇಡುವಂತೆ ಮಾಡಿದ್ದು ಸಂಸ್ಕರಿಸಿದ ಮಾಂಸ. ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್ ಈ ಗುಂಪಿನವು. ಗೋವಾಕ್ಕೆ ಹೋದವರು ಮಾಲೆಯಂತೆ ಕಟ್ಟಿ ತರುವ ಚೊರಿಸ್ ಕೂಡ ಇಲ್ಲೇ ಬರುತ್ತದೆ. ಹಂದಿ ಮಾಂಸಕ್ಕೆ ಉಪ್ಪು, ವಿನೆಗರ್, ಮೆಣಸು ಬೆರೆಸಿ ಕರುಳಿಗೆ ತುಂಬಿ ಒಣಗಿಸಿದ್ದು ಅದು. ಮಂಗಳೂರು ಕಡೆಯವರು ಬಾಂದ್ರಾದ ಮನೆಗಳಲ್ಲಿ ಮಾಡುವ ಪೋರ್ಕ್ ಬಫಾತ್ ಹಾಗಲ್ಲ, ಅದು ತಾಜಾ ಮಾಂಸದ್ದು. ಮಟನ್ ಅಂಗಡಿಯಲ್ಲಿ ಕಣ್ಣೆದುರೇ ಕೊಚ್ಚಿಸಿದ ಖೀಮಾ ಕೂಡ ತಾಜಾ. ಫ್ರೀಜರ್‌ನಿಂದ ತೆಗೆದ ಪ್ಯಾಕೆಟ್ ಕಬಾಬ್ ಆದರೆ ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಸೋಡಿಯಂ ನೈಟ್ರೈಟ್ ಅಥವಾ ಐಎನ್‌ಎಸ್ 250 ಅಂತ ಇದ್ದರೆ ಅದು ಸಂಸ್ಕರಿಸಿದ್ದು. ಚಿಕನ್ ಸಲಾಮಿಯಲ್ಲೂ ಇದನ್ನು ನೋಡಿ. ಕೋಳಿ ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಸುದ್ದಿಯಲ್ಲಿ ಈ ಎರಡನ್ನೂ ಬೆರೆಸಿ ಸುಮ್ನೆ 'ಮಾಂಸ' ಅಂತ ಬರೆದಿದ್ದರೆ ಆ ಸುದ್ದಿಗೆ ಹೆಚ್ಚು ಬೆಲೆ ಕೊಡಬೇಡಿ.

ಎರಡನೆಯದು: ಎಷ್ಟು ತಿಂದವರ ಕಥೆ ಅದು?

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದ ಲೆಕ್ಕವೇ ಇವತ್ತಿಗೂ ಫಾರ್ವರ್ಡ್ ಆಗುತ್ತಿರುತ್ತದೆ. ಫ್ರಾನ್ಸ್‌ನ ಲಿಯಾನ್‌ನಲ್ಲಿ 10 ದೇಶಗಳ 22 ತಜ್ಞರು ಕೂತು 800ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿದರು. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಏರುತ್ತದೆ ಅಂದರು. ತಾಜಾ ಕೆಂಪು ಮಾಂಸದ ಸಂಬಂಧ ನಿಜವೇ ಆಗಿದ್ದರೆ ದಿನಕ್ಕೆ 100 ಗ್ರಾಂಗೆ ಶೇ. 17 ಏರಬಹುದು ಅಂದರು. ಆ 'ನಿಜವೇ ಆಗಿದ್ದರೆ' ಅನ್ನುವ ಮಾತು ಫಾರ್ವರ್ಡ್‌ಗಳಲ್ಲಿ ಉದುರಿಹೋಗಿದೆ. 'ದಿನಕ್ಕೆ' ಅನ್ನುವುದನ್ನೂ ಯಾರೂ ಗಮನಿಸುವುದಿಲ್ಲ.

ಹಾಗಾಗಿ ನಿಮ್ಮ ಮನೆಯ ಲೆಕ್ಕ ಮಾಡಿ. ಭಾನುವಾರ ಒಂದು ಕಿಲೋ ಮಟನ್ ತಂದಿರಿ ಅನ್ನೋಣ. ಅದರಲ್ಲಿ ಸುಮಾರು ಕಾಲು ಭಾಗ ಮೂಳೆ. ಉಳಿದ 750 ಗ್ರಾಂ ಬೇಯುವಾಗ ನೀರು, ಕೊಬ್ಬು ಬಿಟ್ಟು 500 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಐದು ಜನ ಉಂಡರೆ ತಲಾ 100 ಗ್ರಾಂ. ವಾರಕ್ಕೆ ಒಂದೇ ಸಲ. ದಿನಕ್ಕೆ 100 ಗ್ರಾಂ ಅಂದರೆ ವಾರಕ್ಕೆ 700 ಗ್ರಾಂ. ಅದರ ಏಳನೇ ಒಂದು ಪಾಲು ನಿಮ್ಮ ತಟ್ಟೆಯದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಕೂಡ ಬೆಂದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟಬೇಡಿ ಅನ್ನುತ್ತದೆಯೇ ಹೊರತು ಪೂರ್ತಿ ಬಿಡಿ ಅನ್ನುವುದಿಲ್ಲ.

ನಿಮ್ಮ ಲೆಕ್ಕ ಹೀಗೇ ಬರಬೇಕು ಅಂತೇನಿಲ್ಲ. ದಿನಾ ರಾತ್ರಿ ಹೋಟೆಲ್‌ನಲ್ಲೇ ಊಟ ಮಾಡುವ, ಖೀಮಾ ಪಾವ್ ಇಲ್ಲದೆ ದಿನ ಕಳೆಯದ ಒಂಟಿ ಹುಡುಗರ ಲೆಕ್ಕ ಬೇರೆಯೇ ಆಗುತ್ತದೆ.

ಮೂರನೆಯದು: ಆ ಲೆಕ್ಕ ಎಲ್ಲಿಂದ ಬಂತು?

ಇಲ್ಲಿ ನಿಧಾನವಾಗಿ ಓದಿ. ಸಂಶಯದ ಬೇರು ಇರುವುದು ಇಲ್ಲೇ.

ಈ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಗಳಲ್ಲ. ಸಾವಿರಾರು ಜನರಿಗೆ ಪ್ರಶ್ನೆಪಟ್ಟಿ ಕೊಡುತ್ತಾರೆ. ಕಳೆದ ಒಂದು ವರ್ಷದಲ್ಲಿ ಯಾವ ಯಾವ ಮಾಂಸ ಎಷ್ಟು ಸಲ ತಿಂದಿರಿ ಅಂತ ಕೇಳುತ್ತಾರೆ. ಆಮೇಲೆ ಹತ್ತಾರು ವರ್ಷ ಅವರನ್ನು ಗಮನಿಸಿ, ಯಾರಿಗೆ ಯಾವ ಕಾಯಿಲೆ ಬಂತು ಅಂತ ನೋಡುತ್ತಾರೆ. ನೀವೇ ಉತ್ತರಿಸಿ ನೋಡಿ. ಆಷಾಢದ ಕೊನೆಗೆ ಮುಂಬೈಯಲ್ಲಿ ಗಟಾರಿಯ ಹೆಸರಲ್ಲಿ ಮಟನ್ ಅಂಗಡಿ ಮುಂದೆ ಸಾಲು. ಮರುದಿನ ಶ್ರಾವಣ ಹುಟ್ಟಿದರೆ ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಮಾಂಸವಿಲ್ಲ. ಆಮೇಲೆ ನವರಾತ್ರಿ. ಮದುವೆ ಸೀಸನ್‌ನಲ್ಲಿ ಊರಿಗೆ ಹೋದರೆ ಒಂದು ವಾರ ಬರೀ ಸುಕ್ಕ. ಇದನ್ನೆಲ್ಲ ಕೂಡಿಸಿ 'ವಾರಕ್ಕೆ ಸರಾಸರಿ ಎಷ್ಟು' ಅಂತ ಬರೆಯಬೇಕು. ಯಾರ ಉತ್ತರ ಸರಿ ಬಂದೀತು?

ನೆನಪಿನ ತಪ್ಪಿಗಿಂತ ದೊಡ್ಡ ತೊಂದರೆ ಇನ್ನೊಂದು. ಮಾಂಸ ಜಾಸ್ತಿ ತಿನ್ನುವವರು ಬೇರೆ ವಿಷಯಗಳಲ್ಲೂ ಬೇರೆಯಾಗಿರುತ್ತಾರೆ. 2012ರಲ್ಲಿ ಹಾರ್ವರ್ಡ್ ತಂಡ 1,20,000ಕ್ಕೂ ಹೆಚ್ಚು ನರ್ಸ್‌ಗಳು ಮತ್ತು ಆರೋಗ್ಯ ವೃತ್ತಿಯವರ ಲೆಕ್ಕ ಪ್ರಕಟಿಸಿತು. ದಿನಕ್ಕೊಂದು ಹೊತ್ತಿನ ತಾಜಾ ಕೆಂಪು ಮಾಂಸಕ್ಕೆ ಸಾವಿನ ಅಪಾಯ ಶೇ. 13 ಹೆಚ್ಚು, ಸಂಸ್ಕರಿಸಿದ್ದಕ್ಕೆ ಶೇ. 20 ಹೆಚ್ಚು ಅಂತ ಬಂತು. ಆದರೆ ಅಲ್ಲಿ ಮಾಂಸ ಜಾಸ್ತಿ ತಿನ್ನುತ್ತಿದ್ದವರಲ್ಲಿ ಸಿಗರೇಟು ಸೇದುವವರು ಜಾಸ್ತಿ ಇದ್ದರು, ತೂಕ ಜಾಸ್ತಿ ಇತ್ತು, ವ್ಯಾಯಾಮ ಕಡಿಮೆ ಇತ್ತು. ಲೆಕ್ಕದಲ್ಲಿ ಇವನ್ನೆಲ್ಲ ಸರಿದೂಗಿಸಿದ್ದಾರೆ. ಆದರೆ ಕೇಳಿ ಅಳೆದದ್ದನ್ನು ಮಾತ್ರ ಸರಿದೂಗಿಸಬಹುದು.

ಈ ಚಿತ್ರವನ್ನು ಎತ್ತಿ ಮುಂಬೈಯಲ್ಲಿ ಇಟ್ಟರೆ ಇನ್ನೂ ಗೋಜಲು. ದುಬಾರಿ ಬೆಲೆ ಕೊಟ್ಟು ವಾರ ವಾರ ಮಟನ್ ತರುವವರು ಕೈಯಲ್ಲಿ ಕಾಸಿರುವವರು. ಒಳ್ಳೆಯ ಆಸ್ಪತ್ರೆಗೆ ಹೋಗುವವರೂ ಅವರೇ ಇರಬಹುದು. ಜೊತೆಗೆ ಜಾತಿ, ಧರ್ಮ, ಊರು ಎಲ್ಲವೂ ತಟ್ಟೆಯಲ್ಲಿ ಬೆರೆತಿವೆ. ಬಾಂಗ್ಲಾದೇಶ, ಚೀನಾ, ಜಪಾನ್, ಕೊರಿಯಾ, ತೈವಾನ್‌ಗಳ ಸುಮಾರು 3 ಲಕ್ಷ ಜನರ ಲೆಕ್ಕ 2013ರಲ್ಲಿ ಬಂತು. ಅಲ್ಲಿ ಕೆಂಪು ಮಾಂಸ ಜಾಸ್ತಿ ತಿಂದ ಗಂಡಸರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಕಡಿಮೆ ಕಂಡಿತು. ಮಟನ್ ಹೃದಯವನ್ನು ಕಾಪಾಡಿತು ಅಂತ ಇದರ ಅರ್ಥವೇ? ಅಲ್ಲ. ಆ ದೇಶಗಳಲ್ಲಿ ಜನ ತಿನ್ನುವ ಮಾಂಸ ಅಮೆರಿಕಕ್ಕಿಂತ ತುಂಬಾ ಕಡಿಮೆ, ತಿನ್ನುವವರು ಸ್ವಲ್ಪ ಉಳ್ಳವರು. ಇಂಥ ಲೆಕ್ಕ ಮಾಂಸದ ಜೊತೆಗೆ ತಿನ್ನುವವರ ಬದುಕನ್ನೂ ಅಳೆಯುತ್ತದೆ.

ಹೀಗೆ ಬರೀ ಗಮನಿಸಿ ಹೇಳಿದ್ದು ಪ್ರಯೋಗದಲ್ಲಿ ತಲೆಕೆಳಗಾದದ್ದೂ ಇದೆ. ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತು) ಇರುವ ಹಣ್ಣು ತರಕಾರಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಎಷ್ಟೋ ಅಧ್ಯಯನಗಳು ಹೇಳಿದ್ದವು. ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಅದರ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲೇ ಆ ಕ್ಯಾನ್ಸರ್ ಶೇ. 18 ಜಾಸ್ತಿ ಇತ್ತು.

ಒಂದೇ ದತ್ತಾಂಶದಿಂದ ಬೇರೆ ಬೇರೆ ಉತ್ತರ ತೆಗೆಯಬಹುದು ಅನ್ನುವುದೂ ಗೊತ್ತಿರಲಿ. 2024ರಲ್ಲಿ ಪ್ರಕಟವಾದ ಒಂದು ಕೆಲಸ ನನಗೆ ತುಂಬಾ ಮುಖ್ಯ ಅನ್ನಿಸಿತು. ಅಮೆರಿಕದ ಸರ್ಕಾರಿ ಸಮೀಕ್ಷೆಯ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು 1,208 ಬಗೆಯಲ್ಲಿ ಲೆಕ್ಕ ಹಾಕಿ ನೋಡಿದರು. ಎಲ್ಲವೂ ಒಬ್ಬರಲ್ಲ ಒಬ್ಬರು ಸಂಶೋಧಕರು ಒಪ್ಪುವಂಥ ಬಗೆಗಳೇ. ಅವುಗಳಲ್ಲಿ 48ರಲ್ಲಿ ಮಾತ್ರ ಸ್ಪಷ್ಟ ಫಲಿತಾಂಶ ಬಂತು. ಆ 48ರಲ್ಲಿ 40, ತಾಜಾ ಕೆಂಪು ಮಾಂಸ ತಿನ್ನುವವರಲ್ಲಿ ಸಾವು ಕಡಿಮೆ ಅಂದವು. ಉಳಿದ 8 ಜಾಸ್ತಿ ಅಂದವು. ಯಾವ ದಾರಿ ಹಿಡಿದರು ಅನ್ನುವುದರ ಮೇಲೆ ಪತ್ರಿಕೆಯ ತಲೆಬರಹ ಬದಲಾಗುತ್ತದೆ, ಅಲ್ವಾ?

ಹಾಗಂತ ಗಮನಿಸಿ ಬರೆದ ಅಧ್ಯಯನವೆಲ್ಲ ಕಸ ಅನ್ನಬೇಡಿ. ಸಿಗರೇಟಿನ ವಿರುದ್ಧದ ಸಾಕ್ಷಿಯೂ ಹೀಗೇ ಬಂದದ್ದು. ಆದರೆ ಅಲ್ಲಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ 15ರಿಂದ 30 ಪಟ್ಟು. ಇಲ್ಲಿ ನಾವು ಮಾತಾಡುತ್ತಿರುವುದು 1.17 ಪಟ್ಟು. ಅಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯದೆ ಬಿಟ್ಟ ಒಂದು ಅಭ್ಯಾಸವೂ ಹುಟ್ಟಿಸಬಲ್ಲದು. ಸುದ್ದಿ ಓದುವಾಗ ಮೊದಲು 'ಪ್ರಯೋಗವೋ, ಪ್ರಶ್ನೆಪಟ್ಟಿಯೋ?' ಅಂತ ಕೇಳಿ. ಪ್ರಶ್ನೆಪಟ್ಟಿಯಾದರೆ 'ಎಷ್ಟು ಪಟ್ಟು?' ಅಂತ ಕೇಳಿ.

ನಾಲ್ಕನೆಯದು: ಶೇಕಡಾ ಬಿಟ್ಟು ತಲೆ ಎಣಿಸಿ

ಶೇ. 18 ಅಂದರೆ ನೂರರಲ್ಲಿ 18 ಜನಕ್ಕೆ ಕ್ಯಾನ್ಸರ್ ಅಂತ ತಿಳಿದುಕೊಂಡವರು ತುಂಬಾ ಜನ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ 2015ರಲ್ಲಿ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಸಂಸ್ಕರಿಸಿದ ಮಾಂಸ ತೀರಾ ಕಡಿಮೆ ತಿನ್ನುವ 1,000 ಜನರಲ್ಲಿ ಜೀವಮಾನದಲ್ಲಿ ಸುಮಾರು 56 ಜನಕ್ಕೆ ಕರುಳಿನ ಕ್ಯಾನ್ಸರ್ ಬರುತ್ತದೆ. ತೀರಾ ಜಾಸ್ತಿ ತಿನ್ನುವ 1,000 ಜನರಲ್ಲಿ 66 ಜನಕ್ಕೆ. ಸಾವಿರಕ್ಕೆ 10 ಜನದ ವ್ಯತ್ಯಾಸ. ಅದು ಸಣ್ಣದಲ್ಲ, ಆ ಹತ್ತು ಮನೆಗಳಿಗೆ ಅದೇ ಎಲ್ಲ. ಆದರೆ 'ಶೇ. 18' ಅಂದಾಗ ಮನಸ್ಸಿಗೆ ಬರುವ ಚಿತ್ರ ಇದಲ್ಲ. ಭಾರತದಲ್ಲಿ ಈ ಕ್ಯಾನ್ಸರ್ ಬ್ರಿಟನ್ನಿಗಿಂತ ತುಂಬಾ ಕಡಿಮೆ, ಹಾಗಾಗಿ ಅದೇ ಶೇಕಡಾ ಇಲ್ಲಿ ಇನ್ನೂ ಸಣ್ಣ ಸಂಖ್ಯೆಯಾಗುತ್ತದೆ.

ಐದನೆಯದು: 'ಗುಂಪು 1' ಅಂದರೆ ಎಷ್ಟು ಅಪಾಯ ಅಂತಲ್ಲ

ಲಿಯಾನ್‌ನಲ್ಲಿ ಕೂತ ಆ ತಜ್ಞರು ಸಂಸ್ಕರಿಸಿದ ಮಾಂಸವನ್ನು ಗುಂಪು 1ಕ್ಕೆ (ಕ್ಯಾನ್ಸರ್ ತರುತ್ತದೆ ಅನ್ನಲು ಸಾಕಷ್ಟು ಸಾಕ್ಷಿ ಇರುವವು), ತಾಜಾ ಕೆಂಪು ಮಾಂಸವನ್ನು ಗುಂಪು 2ಎಗೆ (ಬಹುಶಃ ತರುವವು) ಹಾಕಿದ್ದಾರೆ. ತಂಬಾಕು ಕೂಡ ಗುಂಪು 1. ಸಿಗರೇಟಿನಷ್ಟೇ ಕೆಟ್ಟದ್ದು ಅನ್ನುವ ಫಾರ್ವರ್ಡ್ ಹುಟ್ಟಿದ್ದು ಇಲ್ಲಿಂದ. ಈ ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ. ಹಾನಿ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಗ ಕೊಟ್ಟ ಅಂದಾಜುಗಳನ್ನೇ ನೋಡಿ: ವರ್ಷಕ್ಕೆ ಜಗತ್ತಿನಲ್ಲಿ ಸಂಸ್ಕರಿಸಿದ ಮಾಂಸ ಜಾಸ್ತಿ ತಿನ್ನುವುದರಿಂದ ಸುಮಾರು 34,000 ಕ್ಯಾನ್ಸರ್ ಸಾವು, ಗಾಳಿ ಮಾಲಿನ್ಯದಿಂದ 2 ಲಕ್ಷಕ್ಕೂ ಹೆಚ್ಚು, ತಂಬಾಕಿನಿಂದ ಸುಮಾರು 10 ಲಕ್ಷ. ಊಟದ ನಂತರ ಗುಟ್ಕಾ ಹರಿದು ಬಾಯಿಗೆ ಹಾಕಿಕೊಳ್ಳುತ್ತಾ ಮಟನ್ ಕೆಟ್ಟದ್ದು ಅಂತ ವಾದ ಮಾಡುವವರಿಗೆ ಈ ಸಂಖ್ಯೆಗಳನ್ನು ತೋರಿಸಿ.

ಆರನೆಯದು: ಅದರ ಬದಲಿಗೆ ಏನು?

ಮಾಂಸ ಬಿಟ್ಟರೆ ಒಳ್ಳೆಯದು ಅನ್ನುವ ಸುದ್ದಿ ತಟ್ಟೆಯ ಖಾಲಿ ಜಾಗಕ್ಕೆ ಏನು ಬಂತು ಅಂತ ಹೇಳಬೇಕು. 2019ರಲ್ಲಿ 36 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಂಪು ಮಾಂಸದ ಊಟವನ್ನು ಬೇರೆ ಎಲ್ಲ ಊಟಗಳ ಜೊತೆ ಸೇರಿಸಿ ಹೋಲಿಸಿದರೆ ಎಲ್‌ಡಿಎಲ್‌ನಲ್ಲಿ (ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್) ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಳೆ, ಸೋಯಾ, ಬೀಜಗಳಂಥ ಒಳ್ಳೆಯ ಸಸ್ಯ ಪ್ರೋಟೀನ್ ಜೊತೆ ಹೋಲಿಸಿದಾಗ ಸಸ್ಯದ ಕಡೆ ಎಲ್‌ಡಿಎಲ್ ಕಡಿಮೆ ಇತ್ತು. ಮಟನ್ ಬಿಟ್ಟು ಹುರುಳಿ ಸಾರು, ಹೆಸರುಕಾಳಿನ ಪಲ್ಯಕ್ಕೆ ಬಂದರೆ ಲಾಭ ಕಾಣಬಹುದು. ಮಟನ್ ಬಿಟ್ಟು ವಡಾಪಾವ್‌ಗೆ ಬಂದರೆ ಆ ಲಾಭ ಸಿಗುವುದಿಲ್ಲ.

ಏಳನೆಯದು: ಈಗ ಅದೇ ಜರಡಿ ಇನ್ನೊಂದು ಕಡೆಗೆ

ಜಿಮ್ ಹುಡುಗರು ಕಳಿಸುವ ಸುದ್ದಿಯ ಮೂಲ ಹೆಚ್ಚಾಗಿ 2019ರ ಅಕ್ಟೋಬರ್‌ನದ್ದು. 14 ಜನರ ಅಂತರರಾಷ್ಟ್ರೀಯ ತಂಡವೊಂದು ಅಮೆರಿಕದ ಹೆಸರುವಾಸಿ ವೈದ್ಯಕೀಯ ಪತ್ರಿಕೆಯಲ್ಲಿ, ದೊಡ್ಡವರು ಈಗ ತಿನ್ನುವಷ್ಟು ಮಾಂಸ ತಿನ್ನುತ್ತಾ ಹೋಗಬಹುದು ಅಂತ ಸಲಹೆ ಕೊಟ್ಟಿತು. ಅದು 'ದುರ್ಬಲ ಸಲಹೆ' ಅಂತ ಅವರೇ ಬರೆದಿದ್ದರು. 14ರಲ್ಲಿ 11 ಜನ ಒಪ್ಪಿದರು, 3 ಜನ ಒಪ್ಪಲಿಲ್ಲ. ಅವರು ಒಟ್ಟುಗೂಡಿಸಿದ ಲೆಕ್ಕಗಳಲ್ಲೂ ಮಾಂಸ ಕಡಿಮೆ ತಿಂದವರಿಗೆ ಅಪಾಯ ಸ್ವಲ್ಪ ಕಡಿಮೆಯೇ ಇತ್ತು. ಆ ಸ್ವಲ್ಪವನ್ನು ಎಷ್ಟು ನಂಬಬಹುದು ಅನ್ನುವುದರಲ್ಲಿ ಮಾತ್ರ ಅವರು ಬೇರೆಯವರಿಂದ ಬೇರೆಯಾದರು. ಮಾಂಸ ನಿರಪರಾಧಿ ಅಂತ ಅವರು ಎಲ್ಲೂ ಹೇಳಿಲ್ಲ. ತಂಡದ ಮುಖ್ಯಸ್ಥರು ಮೊದಲು ಸಕ್ಕರೆ ಕುರಿತ ಒಂದು ಕೆಲಸಕ್ಕೆ ಆಹಾರ ಕಂಪನಿಗಳ ಬೆಂಬಲವಿರುವ ಸಂಸ್ಥೆಯ ಹಣ ಪಡೆದಿದ್ದರು ಅನ್ನುವುದೂ ಆಮೇಲೆ ಸುದ್ದಿಯಾಯಿತು. ಹಣದ ಪ್ರಶ್ನೆಯನ್ನು ಎರಡೂ ಕಡೆಗೆ ಕೇಳಬೇಕು.

ಇನ್ನೊಂದು ಅಚ್ಚುಮೆಚ್ಚಿನ ಉದಾಹರಣೆ 2021ರ ಪ್ಯೂರ್ ಅನ್ನುವ ಹೆಸರಿನ ಅಧ್ಯಯನ. ಭಾರತವೂ ಸೇರಿ 21 ದೇಶಗಳ 1,34,297 ಜನ. ವಾರಕ್ಕೆ 250 ಗ್ರಾಂ ಅಥವಾ ಹೆಚ್ಚು ತಾಜಾ ಕೆಂಪು ಮಾಂಸ ತಿಂದವರಲ್ಲಿ ಸಾವಾಗಲಿ ಹೃದಯದ ಕಾಯಿಲೆಯಾಗಲಿ ಹೆಚ್ಚು ಕಾಣಲಿಲ್ಲ. ಇಲ್ಲಿಗೆ ನಿಲ್ಲಿಸಿ ಫಾರ್ವರ್ಡ್ ಮಾಡುತ್ತಾರೆ. ಅದೇ ಅಧ್ಯಯನದಲ್ಲಿ ಸಂಸ್ಕರಿಸಿದ ಮಾಂಸ ವಾರಕ್ಕೆ 150 ಗ್ರಾಂ ದಾಟಿದವರಲ್ಲಿ ಸಾವಿನ ಅಪಾಯ ಶೇ. 51 ಹೆಚ್ಚಿತ್ತು. ಮತ್ತೆ, ಇದೂ ಪ್ರಶ್ನೆಪಟ್ಟಿಯ ಅಧ್ಯಯನವೇ. ಹಾರ್ವರ್ಡ್‌ನದ್ದು ಪ್ರಶ್ನೆಪಟ್ಟಿ ಅಂತ ತಳ್ಳಿಹಾಕಿ ಇದನ್ನು ತಲೆ ಮೇಲೆ ಹೊತ್ತುಕೊಂಡರೆ ಅದನ್ನು ಸಂಶಯ ಅನ್ನಲಾಗದು. ಅದು ಬರೀ ಆಸೆ.

ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಮಾಪನ ಸಂಸ್ಥೆಯವರು 2022ರಲ್ಲಿ ಮಾಡಿದ ಕೆಲಸ. ಸಾಕ್ಷಿಗೆ ಒಂದರಿಂದ ಐದು ನಕ್ಷತ್ರ ಕೊಟ್ಟರು. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಐದು. ತಾಜಾ ಕೆಂಪು ಮಾಂಸಕ್ಕೂ ಕರುಳಿನ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳಿಗೂ ಇರುವ ನಂಟಿಗೆ ಎರಡು. ಎರಡು ಅಂದರೆ ಸೊನ್ನೆ ಅಲ್ಲ. 2024ರಲ್ಲಿ 20 ದೇಶಗಳ ಸುಮಾರು 20 ಲಕ್ಷ ಜನರ ಲೆಕ್ಕದಲ್ಲಿ ದಿನಕ್ಕೆ 100 ಗ್ರಾಂ ತಾಜಾ ಕೆಂಪು ಮಾಂಸಕ್ಕೆ ಟೈಪ್ 2 ಸಕ್ಕರೆ ಕಾಯಿಲೆ ಶೇ. 10, ದಿನಕ್ಕೆ 50 ಗ್ರಾಂ ಸಂಸ್ಕರಿಸಿದ್ದಕ್ಕೆ ಶೇ. 15 ಹೆಚ್ಚು ಕಂಡಿತು. ಮನೆ ಮನೆಯಲ್ಲಿ ಶುಗರ್ ಇರುವ ನಮ್ಮಂಥವರು ಇದನ್ನು ಮರೆಯಬಾರದು.

ಒಂದು ವಿಷಯದಲ್ಲಿ ಮಾತ್ರ ಸಂಶಯಕ್ಕೆ ಜಾಗ ಕಡಿಮೆ. ಮಾಂಸದ ಚರ್ಬಿ, ಬೆಣ್ಣೆಯಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ. ಇದು ಜನರಿಗೆ ಅಳೆದು ಊಟ ಕೊಟ್ಟು ಮಾಡಿದ ಪ್ರಯೋಗಗಳಿಂದ ಗೊತ್ತಾದದ್ದು. ಬರೀ ಮಾಂಸ ತಿಂದು ಬದುಕಿ ಅಂತ ಹೇಳುವ ವಿಡಿಯೋಗಳು ಇದನ್ನು ಹಾರಿಸಿಬಿಡುತ್ತವೆ.

ಎಂಟನೆಯದು: ನಿಮ್ಮ ತಟ್ಟೆ, ನಿಮ್ಮ ರಿಪೋರ್ಟ್

ಲಕ್ಷಾಂತರ ಜನರ ಸರಾಸರಿಗಿಂತ ನಿಮ್ಮ ರಕ್ತದ ರಿಪೋರ್ಟ್ ದೊಡ್ಡದು. ಎಲ್‌ಡಿಎಲ್ ಜಾಸ್ತಿ ಇದ್ದರೆ ಕೊಬ್ಬು ತೆಗೆಸಿದ ತುಂಡು ಕೇಳಿ, ನಲ್ಲಿ (ಮಜ್ಜೆಯಿರುವ ಮೂಳೆ) ಮತ್ತು ಚರ್ಬಿ ಕಡಿಮೆ ಮಾಡಿ. ಯೂರಿಕ್ ಆಸಿಡ್ ಜಾಸ್ತಿ ಇದ್ದರೆ ಕಲೇಜಿ, ಗುರ್ದಾ ಬೇಡ. ಕಿಡ್ನಿ ತೊಂದರೆ ಇದ್ದರೆ ಎಷ್ಟು ಪ್ರೋಟೀನ್ ಅಂತ ಡಾಕ್ಟರೇ ಹೇಳಬೇಕು. ಇನ್ನೊಂದು ಕಡೆ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಾಂಸದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ. ಹಿಮೋಗ್ಲೋಬಿನ್ 9 ಇರುವ ಸೊಸೆಗೆ ಅಮೆರಿಕದ ಯಾವುದೋ ಸುದ್ದಿ ತೋರಿಸಿ ಅವಳ ತಟ್ಟೆಯಿಂದ ಎರಡು ತುಂಡು ಎತ್ತುವುದು ಅನ್ಯಾಯ. ಎಷ್ಟೋ ಮನೆಗಳಲ್ಲಿ ಮೊದಲೇ ಅವಳಿಗೆ ಸಿಗುವುದು ಕೊನೆಯ ಪಾಲು.

ಅಡುಗೆಯಲ್ಲಿ ನೋಡಬೇಕಾದದ್ದು ಸ್ವಲ್ಪವೇ. ನೇರ ಬೆಂಕಿಯಲ್ಲಿ ಕಪ್ಪಗೆ ಸುಟ್ಟ ಮಾಂಸದಲ್ಲಿ ಹಾನಿಕಾರಕ ವಸ್ತುಗಳು ಹುಟ್ಟುತ್ತವೆ. ಕುಕ್ಕರಿನಲ್ಲಿ ನೀರಿನ ಜೊತೆ ಬೆಂದದ್ದರಲ್ಲಿ ಅವು ತುಂಬಾ ಕಡಿಮೆ. ಸಾರು, ಸುಕ್ಕ, ರಸ್ಸಾ ಮಾಡುವವರು ಈ ವಿಷಯದಲ್ಲಿ ಮೊದಲೇ ಸುರಕ್ಷಿತ ಕಡೆ ಇದ್ದಾರೆ. ಕಬಾಬ್ ಕರಕಲಾದರೆ ಆ ಭಾಗ ಕಿತ್ತು ಹಾಕಿ. ಚೊರಿಸ್ ಪಾವ್ ಗೋವಾಕ್ಕೆ ಹೋದಾಗಿನ ರುಚಿಯಾಗಿಯೇ ಇರಲಿ, ದಿನಾ ಬೆಳಗಿನ ತಿಂಡಿಯಾಗುವುದು ಬೇಡ.

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲದ ಅಭ್ಯಾಸ, ವಯಸ್ಸಾದವರಲ್ಲಿ ಕಾರಣವಿಲ್ಲದ ರಕ್ತಹೀನತೆ ಕಂಡರೆ ಮೂಲವ್ಯಾಧಿ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ನೀವು ಹುಟ್ಟಾ ಸಸ್ಯಾಹಾರಿಯಾಗಿದ್ದರೂ ಡಾಕ್ಟರ್ ಹತ್ತಿರ ಹೋಗಿ. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಇವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಕೊಲೊನೊಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಯಾವಾಗ ಬೇಕು ಅಂತ ಕೇಳಿ. ಸಾಮಾನ್ಯವಾಗಿ 40ನೇ ವಯಸ್ಸಿಗೆ, ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಬೇಗ ಬರುತ್ತದೋ ಆಗ ಮಾಡಿಸಲು ಹೇಳುತ್ತಾರೆ.